ಗುಡಾಣದೊಳಗೆ ಉಸಿರು

ಮುಂಜಾವದ ನಾಲ್ಕಕ್ಕೆ ಅದು ಬರುತ್ತದೆ.
ಬಾಗಿಲು ಬಡಿಯುವುದಿಲ್ಲ, ಬೂಟು ಕಳಚುವುದಿಲ್ಲ,
ನೆಟ್ಟಗೆ ಎದೆ ಹತ್ತಿ ಕೂತು
ಅವಲಕ್ಕಿ ಕುಟ್ಟತೊಡಗುತ್ತದೆ.

ಇಂದಿಗೆ ಎಂಬತ್ತೊಂದು ದಿನ.
ಮೊದಲ ಒಂಬತ್ತು ತೆಲಾವಿಯ ಆಸ್ಪತ್ರೆಯಲ್ಲಿ ಹೋದವು.
ನೆನಪಿರುವುದು ಮಂಚದ ತಣ್ಣನೆಯ ಕಬ್ಬಿಣ,
ಗೋಡೆಯ ಮೇಲೆ ಇಲ್ಲದ ಇರುವೆಗಳ ಸಾಲು.
ಕಳಿಸಿಕೊಡುವಾಗ ನರ್ಸ್ ಸಿಯಾಲಾ ಹೇಳಿದಳು:
ಗುಳಿಗೆ ಬಿಡಬೇಡ, ಡಾಕ್ಟರು ಬಿಡು ಎನ್ನುವತನಕ.
ಆಮೇಲೂ ಭಯ ಬರುತ್ತದೆ, ನುಗ್ಜಾರ್.
ಬಂದರೆ ಕೈಗೆ ಕೆಲಸ ಕೊಡು, ಉಸಿರಿಗೆ ಉದ್ದ ಕೊಡು.
ಒಳಗೆ ನಾಲ್ಕು, ಹೊರಗೆ ಎಂಟು.

ಎಣಿಸಿದೆ. ಐದಕ್ಕೇ ತಪ್ಪುತ್ತಿತ್ತು.
ಇಪ್ಪತ್ತಾರು ವರ್ಷ ನಾನು ಎಣಿಸಿದ್ದು ಬಟ್ಟಲುಗಳನ್ನು,
ಅದೂ ಸುಳ್ಳು ಲೆಕ್ಕ.

ಲಾಮಾರಾ ಬೇಲಿಯ ಬದಿಯ ಬರಾಂಬೋ ಚಿವುಟಿ ತರುತ್ತಾಳೆ,
ಉಜ್ಜಿದರೆ ನಿಂಬೆಯ ಘಮ ಬಿಡುವ ಎಲೆ.
ಕುದಿಸಿ, ಸೋಸಿ, ಮುಂದಿಡುತ್ತಾಳೆ. ಮಾತಿಲ್ಲ.
ಇಪ್ಪತ್ತಾರು ವರ್ಷದ ಸಿಟ್ಟು ಎಂಬತ್ತು ದಿನಕ್ಕೆ ಇಳಿಯುತ್ತದೆಯೇ?
ಆದರೂ ಲೋಟದಡಿ ಒಂದು ತಟ್ಟೆ,
ಕೈ ನಡುಗಿ ಚೆಲ್ಲಿದ್ದು ಮೇಜಿಗೆ ಬೀಳದಂತೆ.
ಆ ತಟ್ಟೆಯನ್ನು ಬಹಳ ಹೊತ್ತು ನೋಡುತ್ತೇನೆ.

ಬೇರೆಯದೂ ಮಾಡಿದ್ದೇನೆ.
ಹಿಮ ಕರಗಿ ಬರುವ ತೊರೆಯಲ್ಲಿ
ಮೊಣಕೈತನಕ ಮುಳುಗಿಸಿ ಕೂತಿದ್ದೇನೆ;
ಆ ನೀರು ಒಂದೊಂದೇ ಎಲುಬನ್ನು
ಹೆಸರು ಹಿಡಿದು ಕೂಗುತ್ತದೆ.
ದ್ರಾಕ್ಷಿತೋಟ ಕಾಣದ ದಾರಿ ಹುಡುಕಿ
ಮೈಲಿಗಟ್ಟಲೆ ನಡೆದಿದ್ದೇನೆ.
ಕಾಖೇತಿಯಲ್ಲಿ ಅಂಥ ದಾರಿಯಿಲ್ಲ.

ಹಿತ್ತಲಲ್ಲಿ ಕೊರಳತನಕ ಹೂತ ಗುಡಾಣ.
ಅಜ್ಜ ಹೂತದ್ದು, ಅಪ್ಪ ತುಂಬಿದ್ದು,
ನಾನು ಬರಿದು ಮಾಡಿದ್ದು.
ಗೋಧಿ ತುಂಬೋಣ ಎಂದಳು ಲಾಮಾರಾ;
ನೀನು ಇಳಿಯಕೂಡದು, ವಾಸನೆ ಎಳೆಯುತ್ತದೆ.
ಪಕ್ಕದ ಮನೆಯ ಹುಡುಗ ವಾಖೋ ಇಳಿದು
ಚೆರ್ರಿ ತೊಗಟೆಯ ಕುಂಚದಿಂದ ಮೂರು ದಿನ ತಿಕ್ಕಿದ,
ಸುಣ್ಣದ ನೀರು ಹೊಡೆದ.
ನಾನು ಮೇಲೆ ನಿಂತು ಬಕೆಟ್ಟು ಎಳೆದೆ. ಅಷ್ಟೇ.

ಒಂದು ನಾಲ್ಕು ಗಂಟೆಗೆ, ಎಲ್ಲಿಗೆ ಹೋಗಲೂ ತೋಚದೆ,
ಬೋರಲು ಮಲಗಿ ಅದರ ಬಾಯಿಗೆ ಮುಖವಿಟ್ಟೆ.
ಸುಣ್ಣ. ಒದ್ದೆ ಮಣ್ಣು. ಕತ್ತಲೆ.
ಹೂಂ ಎಂದು ಉಸಿರು ಬಿಟ್ಟೆ.
ಅದು ತಳ ಮುಟ್ಟಿ, ಮೈ ತುಂಬಿಕೊಂಡು,
ನನಗಿಂತ ದೊಡ್ಡದಾಗಿ ಮೇಲೆದ್ದು ಬಂತು.

ಗುರುತು ಹತ್ತಿತು: ನನ್ನ ಬನಿ!
ಕುಡಿತಕ್ಕೂ ಮುಂಚೆ, ಊರ ಮೇಳದಲ್ಲಿ,
ಇಬ್ಬರು ಮೇಲೆ ಹಾರಾಡುವಾಗ
ಕೆಳಗೆ ನೆಲವಾಗಿ ನಿಲ್ಲುತ್ತಿದ್ದ ನನ್ನ ದನಿ.
ಎಂಟಲ್ಲ, ಹನ್ನೊಂದರತನಕ ಎಳೆದೆ.
ಕುಟ್ಟುವ ಒನಕೆ ನಿಲ್ಲಲಿಲ್ಲ,
ನಿಧಾನವಾಯಿತು.

ಕಳೆದ ಶನಿವಾರ ಗೋಚಾನ ಮೊಮ್ಮಗನ ನಾಮಕರಣ.
ಮೊದಲಾದರೆ ತಮಾದಾ ನಾನೇ:
ಬಟ್ಟಲೆತ್ತಿ ಸತ್ತವರಿಗೆ, ಹುಟ್ಟುವವರಿಗೆ,
ಸೇತುವೆಗೆ, ಸೇತುವೆಯ ಕೆಳಗಿನ ಕತ್ತೆಗೂ ಹರಸುವವನು.
ಈ ಸಲ ಗೋಚಾ ನೆಲ ನೋಡುತ್ತ
ರೊಟ್ಟಿಗೆ ನಿಲ್ಲುತ್ತೀಯಾ ಎಂದ.
ನಿಂತೆ. ಹಿಟ್ಟು ನಾದುವ ಕೈ ನಡುಗಿದರೆ
ಯಾರಿಗೂ ತಿಳಿಯುವುದಿಲ್ಲ.
ಸೊಂಟದತನಕ ತೋನೆಯೊಳಗೆ ಬಾಗಿ
ಬಿಸಿ ಗೋಡೆಗೆ ಹಿಟ್ಟು ಬಡಿಯುವವನಿಗೆ
ಹೆದರಲು ಪುರುಸೊತ್ತೂ ಇಲ್ಲ.

ಕತ್ತಲಾಗುವಾಗ ಮೇಜಿನ ಕಡೆ ಹಾಡೆದ್ದಿತು.
ಎರಡು ದನಿ. ಕೆಳಗೆ ಏನೂ ಇಲ್ಲ,
ಕಾಲು ಮುರಿದ ಕುರ್ಚಿಯಂತೆ ಹಾಡು ವಾಲುತ್ತಿತ್ತು.
ಒಲೆಯ ಬದಿಯಿಂದಲೇ ಹಿಡಿದೆ.
ಯಾರೂ ತಿರುಗಿ ನೋಡಲಿಲ್ಲ.
ಎರಡು ರೊಟ್ಟಿ ಸೀದುಹೋದವು.

ಮರುದಿನ ನಾಲ್ಕಕ್ಕೆ ಅದು ಮತ್ತೆ ಬಂತು.
ಎದೆಯ ಮೇಲೆ ಕೂರಿಸಿಕೊಂಡೇ ಹಿತ್ತಲಿಗೆ ನಡೆದೆ.
ಗುಡಾಣದಲ್ಲಿ ಈಗ ಅರ್ಧ ಗೋಧಿ,
ದನಿ ಮೊದಲಿನಷ್ಟು ಆಳಕ್ಕೆ ಹೋಗುವುದಿಲ್ಲ.
ತಲೆ ಎತ್ತಿದಾಗ ಕಂಡೆ:
ಈ ಚಳಿಯಲ್ಲೂ ಲಾಮಾರಾಳ ಕಿಟಕಿ
ಒಂದು ಗೇಣು ತೆರೆದಿತ್ತು.